ಗೆರೆ ಎಳೆಯುವ ಮೊದಲು

ಇವತ್ತು ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಬೇಡಿಕೆ, ಪೂರೈಕೆಯ ಗ್ರಾಫಿನ ಗೆರೆಗಳಿಂದ ಶುರು ಮಾಡಲಿಲ್ಲ. ಅರ್ಧ ಕ್ಲಾಸಿಗೆ ಟೊಮೆಟೊ ಮಾರುವವರ ಚೀಟಿ ಕೊಟ್ಟೆ, ಇನ್ನರ್ಧಕ್ಕೆ ಕೊಳ್ಳುವವರದ್ದು. ಒಂದರಲ್ಲಿ 'ಕೆಜಿಗೆ ಇಷ್ಟಕ್ಕಿಂತ ಕಡಿಮೆಗೆ ಕೊಡಬೇಡ', ಇನ್ನೊಂದರಲ್ಲಿ 'ಇಷ್ಟಕ್ಕಿಂತ ಜಾಸ್ತಿ ಕೊಡಬೇಡ'. ಚೀಟಿ ಯಾರಿಗೂ ತೋರಿಸುವಂತಿಲ್ಲ. ಬೆಲೆ ಮಾತ್ರ ಎಲ್ಲರಿಗೂ ಕೇಳುವಂತೆ ಕೂಗಬೇಕು.

ಮೊದಲ ಸುತ್ತಿನಲ್ಲಿ 14 ರೂಪಾಯಿಗೂ ವ್ಯಾಪಾರ ಆಯಿತು, 33ಕ್ಕೂ ಆಯಿತು. ಮೂರನೇ ಸುತ್ತಿಗೆ ಹೆಚ್ಚಿನವು 23, 24ಕ್ಕೆ ಬಂದು ನಿಂತವು. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಯಾರೂ ರೇಟ್ ಫಿಕ್ಸ್ ಮಾಡ್ಲಿಲ್ವಲ್ಲ ಸರ್, ಹೇಗೆ ಬಂತು ಇದು?" ನನಗೆ ಬೇಕಿದ್ದ ಪ್ರಶ್ನೆ ಅದೇ! ಗ್ರಾಫ್ ಆಮೇಲೆ ಬರೆದೆ. ಐದೇ ನಿಮಿಷ ಸಾಕಾಯಿತು.

ಇದು ಹಳೇ ವಿಧಾನ. ಅಮೆರಿಕದ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ಕ್ಲಾಸಿನಲ್ಲೇ ಇಂಥ ಸಂತೆ ನಡೆಸಿ, 1948ರಲ್ಲಿ ಅದರ ಬಗ್ಗೆ ಬರೆದರು. ಅವರ ಆಟದಲ್ಲಿ ಬೆಲೆ ಒಂದು ಕಡೆ ನಿಲ್ಲಲಿಲ್ಲ. ಅವರ ಕ್ಲಾಸಿನಲ್ಲಿ ಆಡಿದ್ದ ವರ್ನನ್ ಸ್ಮಿತ್ 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಿಯಮ ಬದಲಿಸಿದರು. ಎಲ್ಲರ ಎದುರು ಕೂಗುವುದು, ಸುತ್ತುಗಳನ್ನು ಮತ್ತೆ ಮತ್ತೆ ಆಡುವುದು. ಆಗ ಬೆಲೆ ನಿಂತಿತು. 2002ರಲ್ಲಿ ಅವರಿಗೆ ನೊಬೆಲ್ ಬಂತು.

ಇಷ್ಟು ವರ್ಷ ನಾನು ಗೆರೆಯಿಂದಲೇ ಶುರು ಮಾಡುತ್ತಿದ್ದೆ. ನಮ್ಮದು ಕೋಲಾರದ ಕಡೆ, ಎಷ್ಟೋ ಮಕ್ಕಳ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಮಂಡಿಯ ಹರಾಜು ನೋಡಿದವರು ಅವರು. ಅವರನ್ನೇ ಒಂದು ಮಾತು ಕೇಳಲಿಲ್ಲವಲ್ಲ ಅಂತ ಬೇಜಾರಾಗುತ್ತಿದೆ.

ನಾಳೆ ಅದೇ ಚೀಟಿಗಳು. 18 ರೂಪಾಯಿಗಿಂತ ಜಾಸ್ತಿಗೆ ಮಾರುವಂತಿಲ್ಲ ಅಂತ ಒಂದು ನಿಯಮ ಸೇರಿಸುತ್ತೇನೆ.