ಹಿಮಕ್ಕೆ ಯಾವ ಹೈಬ್ರಿಡ್?

ಊಟಕ್ಕೆ ಕೂತರೂ ಈಗ ನಮ್ಮನೇಲಿ ಕಾರಿನದೇ ಮಾತು. ಟೊಯೋಟಾ ರಾವ್4 ಅಥವಾ ಹೋಂಡಾ ಸಿಆರ್-ವಿ, ಇಲ್ಲಾಂದ್ರೆ ಸುಬಾರು ಫಾರೆಸ್ಟರ್. ಮೂರರಲ್ಲೂ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರ್) ಇದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ಆಲ್ ವೀಲ್ ಡ್ರೈವೂ ಸಿಗುತ್ತೆ. ಒಳಗಿನ ಕಥೆ ಮಾತ್ರ ಬೇರೆ. ರಾವ್4 ಹೈಬ್ರಿಡ್‌ನಲ್ಲಿ ಇಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸೋ ಶಾಫ್ಟೇ ಹೋಗಲ್ಲ, ಅಲ್ಲಿ ಒಂದು ಪ್ರತ್ಯೇಕ ಎಲೆಕ್ಟ್ರಿಕ್ ಮೋಟಾರ್ ಕೂತಿದೆ. ಉಳಿದೆರಡರಲ್ಲಿ ಶಾಫ್ಟ್ ಇದೆ. ಫಾರೆಸ್ಟರ್ ಗಾಡಿಯ ತಳ ನೆಲದಿಂದ ಸುಮಾರು 220 ಮಿ.ಮೀ. ಎತ್ತರ. ಹಿಮ ತೆಗೆಯದ ರಸ್ತೆಗೆ ನನ್ನ ಮನಸ್ಸು ಅತ್ತಲೇ ವಾಲುತ್ತೆ.

ಆದರೆ ಅಸಲಿ ವಿಷಯ ಟೈರು. ಆಲ್ ವೀಲ್ ಡ್ರೈವ್ ಗಾಡಿಯನ್ನ ಹೊರಡಿಸುತ್ತೆ, ಬ್ರೇಕ್ ಒತ್ತಿದಾಗ ನಿಲ್ಲಿಸೋಕೆ ಅದರಿಂದ ಏನೂ ಉಪಕಾರವಿಲ್ಲ. 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತೆ. ಹಿಮಕ್ಕೆ ಆಗೋ ಟೈರೇ ಬೇಕು; ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇದೆಯಾ ನೋಡ್ಕೊಳ್ಳಿ. ಆ ಟೈರಿಗೂ ಬಜೆಟ್‌ನಲ್ಲಿ ದುಡ್ಡು ಎತ್ತಿಡಬೇಕು. (ಶೋರೂಂನವರು ಸನ್‌ರೂಫ್ ಬಗ್ಗೆ ಹೇಳಿದಷ್ಟು ಇದರ ಬಗ್ಗೆ ಹೇಳಲ್ಲ!)

ಮೈಲೇಜೂ ಚಳಿಗಾಲದಲ್ಲಿ ಇಳಿಯುತ್ತೆ. ಒಳಗೆ ಬೆಚ್ಚಗಿರಲಿ ಅಂತ ಇಂಜಿನ್ ಮತ್ತೆ ಮತ್ತೆ ಓಡುತ್ತೆ, ಬ್ಯಾಟರಿಗೂ ಚಳಿ ಆಗಿಬರಲ್ಲ.

ಮಗಳಿಗೆ ಇದ್ಯಾವುದೂ ಬೇಡ. ಹಿಂದಿನ ಸೀಟು ಬಿಸಿಯಾಗುತ್ತಾ ಅಂತಷ್ಟೇ ಅವಳ ಪ್ರಶ್ನೆ.