ಎರೆ ನೆಲ, ಮಸಾರಿ ನೆಲ ಮತ್ತು ಕಪ್ಪು-ಬಿಳುಪಿನ ಆಕಾಶ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಆಕಾಶವನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯುವವರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಬಿಸಿಲು ಪಕ್ಕದಿಂದ ಬೀಳುತ್ತದೆ. ಮೋಡದ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಬೂದು. ಬಣ್ಣವಿಲ್ಲದ ಚಿತ್ರದಲ್ಲಿ ಮೋಡಕ್ಕೆ ಮೈಕಟ್ಟು ಬರುವುದೇ ಈ ನೆರಳಿನಿಂದ. ನೀಲಿ ಅತಿ ಗಾಢವಾಗಿರುವುದೂ, ಪೋಲರೈಸರ್ (ಹೊಳಪು ತಗ್ಗಿಸಿ ನೀಲಿಯನ್ನು ಗಾಢ ಮಾಡುವ ಫಿಲ್ಟರ್) ಚೆನ್ನಾಗಿ ಕೆಲಸ ಮಾಡುವುದೂ ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ. ಆದರೆ 24 ಎಂಎಂಗಿಂತ ಅಗಲದ ಲೆನ್ಸಿಗೆ ಪೋಲರೈಸರ್ ಬೇಡ. ಆಕಾಶದ ನಡುವೆ ಒಂದು ಕಪ್ಪು ಪಟ್ಟಿ ಕಾಣುತ್ತದೆ.

ರಾಯಚೂರು–ಲಿಂಗಸುಗೂರು ರಸ್ತೆ ಪೂರ್ವ-ಪಶ್ಚಿಮ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿದರೆ ಬಿಸಿಲು ಲೆನ್ಸಿಗೇ ಹೊಡೆಯುತ್ತದೆ, ಪೂರ್ವಕ್ಕೆ ತಿರುಗಿದರೆ ಮೋಡ ಚಪ್ಪಟೆ. ಪೂರ್ವದಲ್ಲಿ ಮಳೆಮೋಡ ಕಟ್ಟಿ, ಬೆನ್ನ ಹಿಂದಿನ ಬಿಸಿಲು ರಸ್ತೆಗೆ ಬಿದ್ದರೆ ಮಾತ್ರ ಆ ದಾರಿ ಚಿನ್ನ.

ದಿಕ್ಕಿನಷ್ಟೇ ಮುಖ್ಯ ಮಣ್ಣು. ಕಪ್ಪು ಮಣ್ಣಿನ ಎರೆ ಹೊಲದ ನಡುವೆ ಡಾಂಬರು ರಸ್ತೆ ಹೋಗಿದ್ದರೆ ಎರಡೂ ಒಂದೇ ಕಡುಬೂದು ಬಣ್ಣಕ್ಕೆ ಬಂದು ರಸ್ತೆಯೇ ಕಳೆದುಹೋಗುತ್ತದೆ. ಅಂಚಿನ ಬಿಳಿ ಗೆರೆ ಅಳಿಸದ ಕಡೆ ನಿಲ್ಲಬೇಕು, ಇಲ್ಲವೇ ಜೋಳ ಒಣಗಿ ನಿಂತ ಹೊಲ ಹುಡುಕಬೇಕು. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಕತೆ ಬೇರೆ. ಕೆಂಪು ಫಿಲ್ಟರ್ ನೀಲಿಯನ್ನು ತಡೆದು ಕೆಂಪನ್ನು ಬಿಡುವುದರಿಂದ ಆಕಾಶ ಕಪ್ಪಾಗುತ್ತದೆ, ಮಣ್ಣು ಬೆಳ್ಳಗಾಗುತ್ತದೆ, ನಡುವೆ ರಸ್ತೆ ಕಪ್ಪಾಗಿ ಎದ್ದು ನಿಲ್ಲುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಹಸಿರು ಭತ್ತದ ಗದ್ದೆಗೆ ಅದೇ ಫಿಲ್ಟರ್ ಹಾಕಬೇಡಿ. ಎಲೆಯ ಹಸಿರು ಕೆಂಪು ಬೆಳಕನ್ನು ನುಂಗುತ್ತದೆ, ಗದ್ದೆ ಮಸಿ ಬಳಿದಂತಾಗುತ್ತದೆ. ಅಲ್ಲಿಗೆ ಹಳದಿ ಫಿಲ್ಟರ್ ಸಾಕು.

ಫಿಲ್ಮ್ ಬಳಸುವವರು ಹಳದಿಗೆ 1 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು), 25ನೇ ನಂಬರಿನ ಕೆಂಪಿಗೆ 3 ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಐಎಸ್ಒ 400ರ ಫಿಲ್ಮಿಗೆ ಚುರುಕು ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್ 16, ಶಟರ್ 1/400 ಸೆಕೆಂಡ್ ಎಂದಿದ್ದರೆ, ಕೆಂಪು ಹಾಕಿದ ಮೇಲೆ ಎಫ್ 8, 1/200. ಡಿಜಿಟಲ್ ಕ್ಯಾಮೆರಾಗೆ ಕೆಂಪು ಗಾಜು ಹಾಕುವುದು ನಷ್ಟ: ಸೆನ್ಸರಿನ ಪಿಕ್ಸೆಲ್‌ಗಳಲ್ಲಿ ಕೆಂಪಿನವು ಕಾಲುಭಾಗ ಮಾತ್ರ, ಉಳಿದವಕ್ಕೆ ಬೆಳಕೇ ಸಿಗುವುದಿಲ್ಲ. ಬಣ್ಣದಲ್ಲೇ ರಾ ಫೈಲ್ (ಸೆನ್ಸರಿನ ಮೂಲ ಮಾಹಿತಿ) ತೆಗೆದು, ಆಮೇಲೆ ಕಪ್ಪು-ಬಿಳುಪಿಗೆ ಬದಲಿಸಿ.

ಮಾರ್ಚಿನ ಬಿಳಿಚಿದ ಆಕಾಶಕ್ಕೆ ಯಾವ ಫಿಲ್ಟರೂ ಉಪಯೋಗವಿಲ್ಲ. ನೀಲಿಯೇ ಇಲ್ಲದಾಗ ತಡೆಯುವುದೇನನ್ನು? ಗಾಳಿಯಲ್ಲಿರುವ ಧೂಳು ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ಮಳೆ ನಿಂತ ಮೊದಲ ಒಂದು ಗಂಟೆ ಆಕಾಶ ತೊಳೆದಂತಿರುತ್ತದೆ, ಆ ಗಂಟೆ ಬಿಡಬಾರದು. ಜೂನ್–ಜುಲೈನಲ್ಲಿ ಪಡುವಣ ಗಾಳಿಗೆ ಮೋಡ ಸುರಿಯದೆ ಓಡುತ್ತದೆ. ಸುರಿಯಬೇಕಾದದ್ದು ಬಹುಪಾಲು ಘಟ್ಟದಲ್ಲೇ ಸುರಿದಿರುತ್ತದೆ. ಆಗ 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು) ಹಾಕಿದರೆ 1/125 ಸೆಕೆಂಡ್ 8 ಸೆಕೆಂಡಾಗಿ ಮೋಡ ಗೆರೆಗಳಾಗಿ ಎಳೆಯುತ್ತದೆ. ಟ್ರೈಪಾಡಿನ ನಡುಗಂಬ ಎತ್ತಬೇಡಿ, ಗಾಳಿಗೆ ಅಲುಗುತ್ತದೆ. ಏಪ್ರಿಲ್–ಮೇ ಸಂಜೆಯ ಗುಡುಗುಮೋಡ ಎಲ್ಲಕ್ಕಿಂತ ಭವ್ಯ, ಅಪಾಯವೂ ಹೌದು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಅದು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಬಯಲಲ್ಲಿ ಎತ್ತರದ ವಸ್ತು ನೀವು, ನಿಮ್ಮ ಟ್ರೈಪಾಡ್, ಕಾರು ಹತ್ತಿ.

ಆ ಗುಡುಗುಮೋಡಕ್ಕೆ 16 ಎಂಎಂ ಬೇಡ. ದೂರದ ಮೋಡ ಅದರಲ್ಲಿ ಹತ್ತಿಯ ಉಂಡೆಯಷ್ಟಾಗುತ್ತದೆ. 50ರಿಂದ 85 ಎಂಎಂನಲ್ಲಿ ಮೋಡ ರಸ್ತೆಯ ತುದಿಗೆ ಗೋಡೆಯಂತೆ ಏಳುತ್ತದೆ. ಕ್ಯಾಮೆರಾ ಮೇಲಕ್ಕೆ ಬಾಗಿಸಿದರೆ ಕರೆಂಟ್ ಕಂಬಗಳು ಒಳಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದು ಆಮೇಲೆ ಕೆಳಭಾಗ ಕತ್ತರಿಸಿ. ಎಫ್ 8 ಸಾಕು, ಎಫ್ 16ರಲ್ಲಿ ಸೆನ್ಸರಿನ ಪ್ರತಿ ಧೂಳಿನ ಕಣವೂ ಆಕಾಶದಲ್ಲಿ ಚುಕ್ಕೆಯಾಗುತ್ತದೆ. ಚಿಕ್ಕ ಭಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಮೋಡದ ಅತಿ ಬೆಳ್ಳನೆಯ ಭಾಗಕ್ಕೆ ಹಿಡಿದು 2 ಸ್ಟಾಪ್ ಹೆಚ್ಚು ಕೊಡಿ, ಬಿಳುಪಿನೊಳಗಿನ ಮಡಿಕೆ ಉಳಿಯುತ್ತದೆ. ರಸ್ತೆ ನೆನೆದಿದ್ದರೆ ಪೋಲರೈಸರ್ ಬಿಚ್ಚಿಡಿ: ಆಕಾಶದ ಹೊಳಪು ಹೊತ್ತು ಬೆಳ್ಳಗೆ ಹರಿಯುವ ಡಾಂಬರನ್ನು ಅದು ಮತ್ತೆ ಕಪ್ಪು ಮಾಡಿಬಿಡುತ್ತದೆ. ಸಂಡೂರು ಕಡೆ ಅದಿರಿನ ಲಾರಿಗಳ ಕೆಂಧೂಳು ಗಾಜಿಗೆ ಕೂತರೆ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರಿನಿಂದ ಊದಿ.

ಎಡಿಟ್ ಮಾಡುವಾಗ, ಕಪ್ಪು-ಬಿಳುಪಿನಲ್ಲಿ ಒಂದೊಂದು ಬಣ್ಣದ ಹೊಳಪು ಹೊಂದಿಸುವ ಸ್ಲೈಡರ್‌ಗಳಲ್ಲಿ ನೀಲಿಯದನ್ನು ಮೈನಸ್ 40ರಿಂದ 60ರವರೆಗೆ ಇಳಿಸಿ, ಜೊತೆಗೇ ತಿಳಿನೀಲಿಯನ್ನೂ ಇಳಿಸಿ. ಒಂದನ್ನೇ ಇಳಿಸಿದರೆ ದಿಗಂತದ ಹತ್ತಿರ ಬಣ್ಣ ಒಡೆದು ಕಾಣುತ್ತದೆ; ಮೈನಸ್ 100ಕ್ಕೆ ಹೋದರೆ ಆಕಾಶದಲ್ಲಿ ನುಚ್ಚುನುಚ್ಚು ಕಾಳು ಏಳುತ್ತದೆ. ಮಸಾರಿ ಮಣ್ಣಿಗೆ ಕಿತ್ತಳೆ ಸ್ಲೈಡರ್ 20ರಷ್ಟು ಮೇಲಕ್ಕೆ. ಕೊನೆಗೆ ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ ಕಂಬ, ತಂತಿ, ಬೇವಿನ ಮರದ ಅಂಚು ನೋಡಿ. ಅಲ್ಲಿ ಬಿಳಿ ಗೆರೆ ಕಂಡರೆ ಕ್ಲಾರಿಟಿ (ಅಂಚುಗಳನ್ನು ಎದ್ದು ಕಾಣಿಸುವ ಸ್ಲೈಡರ್) ಅತಿಯಾಗಿದೆ, ಅರ್ಧಕ್ಕೆ ಇಳಿಸಿ.