ಜಪಾನಿನ ಹಳೆಯ ಸಂಗೀತ ಕೇಳಬೇಕೆಂದರೆ ಏಪ್ರಿಲ್‌ನಲ್ಲಿ ಒಸಾಕಾಗೆ ಹೋಗಿ

ಜಪಾನಿಗೆ ಹೋಗಿ ಅಲ್ಲಿನ ಹಳೆಯ ಸಂಗೀತ ಕೇಳಬೇಕು ಅಂತಿದ್ದರೆ ಮೊದಲು ಕ್ಯಾಲೆಂಡರ್ ನೋಡಿ, ವಿಮಾನದ ಟಿಕೆಟ್ ಆಮೇಲೆ. ಸುಮ್ನೆ ಹೋಗಿ ಇಳಿದರೆ ಸಿಗುವುದು ಪ್ರವಾಸಿಗರಿಗೆಂದೇ ಮಾಡುವ ಚುಟುಕು ಕಾರ್ಯಕ್ರಮ, ಅಷ್ಟೇ. ಒಳ್ಳೆಯ ಸಂಗೀತ ಅಲ್ಲಿ ಇಂಥ ಜಾಗ, ಇಂಥ ದಿನ ಅಂತ ಗೊತ್ತುಮಾಡಿಕೊಂಡು ನಡೆಯುತ್ತದೆ. ನನ್ನನ್ನು ಕೇಳಿದರೆ ಏಪ್ರಿಲ್ 22ಕ್ಕೆ ನೀವು ಒಸಾಕಾದಲ್ಲಿರಬೇಕು. ಅಷ್ಟೊತ್ತಿಗೆ ಅಲ್ಲಿ ಚೆರ್ರಿ ಹೂವಿನ ಗದ್ದಲ ಮುಗಿದಿರುತ್ತದೆ, 29ಕ್ಕೆ ಶುರುವಾಗುವ ಅವರ ದೊಡ್ಡ ರಜೆಗೆ ಇನ್ನೂ ಸಮಯ ಇರುತ್ತದೆ. ರಜೆ ಶುರುವಾದ ಮೇಲೆ ರೈಲು, ಹೋಟೆಲು ಎರಡೂ ಕಷ್ಟ.

ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನ ಇದೆ. ಟೋಕಿಯೋದಿಂದ ಒಸಾಕಾಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ.

22ರಂದು ಶಿತೆನ್ನೋಜಿ ದೇವಸ್ಥಾನದಲ್ಲಿ ಶೋರ್ಯೋ-ಎ ಅನ್ನುವ ಸೇವೆ ನಡೆಯುತ್ತದೆ. 593ರಲ್ಲಿ ಈ ದೇವಸ್ಥಾನ ಕಟ್ಟಿಸಿದ ರಾಜಕುಮಾರ ಶೋತೊಕುವಿನ ನೆನಪಿನ ಪೂಜೆ ಅದು. ಕೊಳದ ಮೇಲೆ ಕಲ್ಲಿನ ವೇದಿಕೆ, ನಾಲ್ಕು ಮೂಲೆಗೂ ಕೆಂಪು ಕಾಗದದ ಹೂವಿನ ದೊಡ್ಡ ದೊಡ್ಡ ಗುಂಡುಗಳು, ಹಿಂದೆ ಆಳೆತ್ತರಕ್ಕೂ ಮೀರಿದ ಎರಡು ನಗಾರಿ. ಮಧ್ಯಾಹ್ನದಿಂದ ಸಂಜೆವರೆಗೆ ಅದರ ಮೇಲೆ ಬುಗಾಕು ಕುಣಿತ, ಜೊತೆಗೆ ಗಗಾಕು ಅನ್ನುವ ಹಳೆಯ ಆಸ್ಥಾನ ಸಂಗೀತ. ಬೇಗ ಹೋಗಿ ಜಾಗ ಹಿಡಿಯಿರಿ, ಬಿಸಿಲಿಗೆ ಟೋಪಿ ಇರಲಿ. ಒಂದು ಕುಣಿತ ನೋಡಿ ಎದ್ದುಬಿಟ್ಟರೆ ಏನೂ ಸಿಗುವುದಿಲ್ಲ. ಈ ಸಂಗೀತ ಬಹಳ ನಿಧಾನ. ಮೊದಲ ಅರ್ಧ ಗಂಟೆ ಕಿವಿಗೆ ಏನೂ ಹತ್ತುವುದಿಲ್ಲ, ಆಮೇಲೆ ಆ ನಿಧಾನವೇ ಹಿಡಿದು ಕೂರಿಸುತ್ತದೆ.

ಶೋ ಅನ್ನುವ ವಾದ್ಯ ನುಡಿಸುವವರನ್ನು ತಪ್ಪದೆ ಗಮನಿಸಿ. ಹದಿನೇಳು ತೆಳು ಬಿದಿರಿನ ಕೊಳವೆಗಳನ್ನು ಒಂದು ಬಟ್ಟಲಿಗೆ ನಿಲ್ಲಿಸಿದ ಹಾಗಿರುತ್ತದೆ. ಅದರಲ್ಲಿ ಹದಿನೈದು ಮಾತ್ರ ನುಡಿಯುತ್ತವೆ. ಉಸಿರು ಬಿಟ್ಟರೂ ನಾದ, ಎಳೆದುಕೊಂಡರೂ ನಾದ, ಹಾಗಾಗಿ ಸ್ವರ ಕಡಿಯುವುದೇ ಇಲ್ಲ. ಉಸಿರಿನ ತೇವ ಒಳಗಿನ ಲೋಹದ ಎಳೆಗಳಿಗೆ ಅಂಟಿದರೆ ಶ್ರುತಿ ಕೆಡುತ್ತದೆ ನೋಡಿ, ಅದಕ್ಕೇ ನುಡಿಸುವವರು ಬಿಡುವು ಸಿಕ್ಕಾಗಲೆಲ್ಲ ವಾದ್ಯವನ್ನು ಪುಟ್ಟ ಒಲೆಯ ಮೇಲೆ ಮೆಲ್ಲಗೆ ತಿರುಗಿಸುತ್ತಾ ಬಿಸಿ ಮಾಡಿಕೊಳ್ಳುತ್ತಾರೆ.

ಮಕ್ಕಳು ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು, ಕೈಯಲ್ಲಿ ಪುಟ್ಟ ತಾಳ ಬಡಿಯುತ್ತಾ ಕುಣಿಯುವ ಕರ್ಯೋಬಿನ್ ಬಂದಾಗ ಮಾತ್ರ ಎದ್ದು ನಿಂತಾದರೂ ನೋಡಿ. ಭಾರತದಿಂದ 736ರಲ್ಲಿ ಜಪಾನಿಗೆ ಬಂದು, 752ರಲ್ಲಿ ನಾರಾದ ದೊಡ್ಡ ಬುದ್ಧನ ಮೂರ್ತಿಗೆ ಕಣ್ಣು ತೆರೆಸಿದ ಬೋಧಿಸೇನ ಅನ್ನುವ ಭಿಕ್ಷುವಿನ ಹೆಸರು ಈ ಕುಣಿತದ ಮೂಲಕ್ಕೆ ಸೇರಿಕೊಂಡಿದೆ. ಅಷ್ಟು ದೂರದಲ್ಲಿ ಅಂಥದ್ದೊಂದನ್ನು ಇವತ್ತಿಗೂ ಮಕ್ಕಳಿಗೆ ಕಲಿಸಿ ಉಳಿಸಿಕೊಂಡಿದ್ದಾರಲ್ಲ, ನನಗಂತೂ ಕಣ್ಣು ತುಂಬಿ ಬಂತು.

ಅದೇ ತಿಂಗಳು ನಿಪ್ಪೊನ್‌ಬಾಶಿಯ ರಾಷ್ಟ್ರೀಯ ಬುನ್ರಾಕು ರಂಗಮಂದಿರದಲ್ಲಿ ಸಾಮಾನ್ಯವಾಗಿ ಪ್ರದರ್ಶನ ಇರುತ್ತದೆ. ಅಲ್ಲಿ ವರ್ಷವಿಡೀ ಆಟ ಇರುವುದಿಲ್ಲ, ಹೊರಡುವ ಮೊದಲು ಅವರ ವೆಬ್‌ಸೈಟ್‌ನಲ್ಲಿ ದಿನಾಂಕ ನೋಡಿಕೊಳ್ಳಿ. ಬುನ್ರಾಕು ಅಂದರೆ ಗೊಂಬೆಯಾಟ, ಒಂದು ಗೊಂಬೆಗೆ ಮೂವರು. ಆದರೆ ಸಂಗೀತಕ್ಕಾಗಿ ಹೋಗುವವರು ಬಲಗಡೆಯ ಸೀಟು ತಗೊಳ್ಳಿ. ವೇದಿಕೆಯ ಬಲಕ್ಕೆ ತಿರುಗುವ ಪುಟ್ಟ ಜಗಲಿ ಇದೆ, ಅದು ಗಿರ್ರನೆ ತಿರುಗಿದರೆ ‘ತಾಯೂ’ ಅನ್ನುವ ಹಾಡುಗಾರ ಮತ್ತು ಶಾಮಿಸೆನ್ ಅನ್ನುವ ಮೂರು ತಂತಿಯ ವಾದ್ಯ ನುಡಿಸುವವರು ಕೂತ ಹಾಗೇ ಪ್ರತ್ಯಕ್ಷ. ತಾಯೂ ಶುರುಮಾಡುವ ಮುಂಚೆ ಪಠ್ಯದ ಪುಸ್ತಕವನ್ನು ಎರಡೂ ಕೈಯಲ್ಲಿ ಹಣೆಗೆತ್ತಿ ನಮಸ್ಕರಿಸುತ್ತಾರೆ. ಆಮೇಲೆ ಮುದುಕ, ಹೆಂಗಸು, ಮಗು, ಕಟುಕ ಎಲ್ಲರ ದನಿಯೂ ಆ ಒಂದೇ ಗಂಟಲಿನಿಂದ. ಹೊಟ್ಟೆಯಿಂದ ದನಿ ಬರಲಿ ಅಂತ ಬಟ್ಟೆಯೊಳಗೆ ಮರಳು ತುಂಬಿದ ಚೀಲ ಸೇರಿಸಿಕೊಂಡು ಕೂತಿರುತ್ತಾರೆ. ತಕೆಮೊತೊ ಗಿದಾಯು 1684ರಲ್ಲಿ ಇದೇ ಒಸಾಕಾದಲ್ಲಿ ರಂಗಮಂದಿರ ತೆರೆದು ಬೆಳೆಸಿದ ಶೈಲಿ ಇದು, ಅವರ ಹೆಸರಿನಿಂದಲೇ ಕರೆಯುತ್ತಾರೆ.

ಬುನ್ರಾಕುವಿನ ಶಾಮಿಸೆನ್ ದಪ್ಪ ಕೋಲಿನದು, ದನಿ ಗಡುಸು. ಬಾಚಿ ಅನ್ನುವ ಮೀಟುಗೋಲು ತಂತಿಯನ್ನು ಮೀಟಿ ವಾದ್ಯಕ್ಕೆ ಬಿಗಿದ ಚರ್ಮಕ್ಕೂ ಬಡಿಯುತ್ತದೆ, ಹಾಗಾಗಿ ಒಂದೇ ಏಟಿಗೆ ತಂತಿಯ ನಾದವೂ ಚರ್ಮದ ಸದ್ದೂ ಬರುತ್ತದೆ. ದಪ್ಪ ತಂತಿಯನ್ನು ಬೇಕಂತಲೇ ಕೋಲಿಗೆ ಸ್ವಲ್ಪ ತಾಗುವ ಹಾಗೆ ಬಿಟ್ಟಿರುತ್ತಾರೆ. ತಂಬೂರಿಯ ತಂತಿಯಡಿ ನೂಲೆಳೆ ಸರಿಯಾಗಿ ಕೂತಾಗ ಝೇಂಕಾರ ಏಳುತ್ತದಲ್ಲ, ಅಂಥದ್ದೇ ಗುಂಗು. ಇದನ್ನು ಅವರು ಸವಾರಿ ಅನ್ನುತ್ತಾರೆ. ಇಂಗ್ಲಿಷ್ ಆಡಿಯೋ ಗೈಡ್ ಸಿಕ್ಕರೆ ಕಥೆಗೆ ಅಂತ ತಗೊಳ್ಳಿ, ಆದರೆ ಮುಖ್ಯ ದೃಶ್ಯ ಬಂದಾಗ ಕಿವಿಯಿಂದ ತೆಗೆದುಬಿಡಿ.

ಒಸಾಕಾದಿಂದ ಟೋಕಿಯೋಗೆ ವಾಪಸ್ ಬರುವಾಗ ಹಮಾಮತ್ಸುದಲ್ಲಿ ಇಳಿಯಿರಿ. ಶಿಂಕಾನ್ಸೆನ್‌ನ ನೊಜೊಮಿ ರೈಲು ಅಲ್ಲಿ ನಿಲ್ಲುವುದಿಲ್ಲ, ಹಿಕಾರಿಯಲ್ಲೂ ಕೆಲವು ಮಾತ್ರ. ವಾದ್ಯ ತಯಾರಿಸುವ ಯಮಾಹಾ, ಕವಾಯ್ ಕಂಪನಿಗಳು ಹುಟ್ಟಿದ ಊರು ಇದು. ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ 1995ರಲ್ಲಿ ತೆರೆದ ವಾದ್ಯಗಳ ಮ್ಯೂಸಿಯಂ, ಟಿಕೆಟ್ 800 ಯೆನ್ ಆಸುಪಾಸು. ಕೊತೊ, ಬಿವಾ ಅನ್ನುವ ತಂತಿವಾದ್ಯಗಳು, ಶಕುಹಾಚಿ ಅನ್ನುವ ಬಿದಿರಿನ ಕೊಳಲು ಎಲ್ಲವನ್ನೂ ಹತ್ತಿರದಿಂದ ನೋಡಬಹುದು, ಹೆಡ್‌ಫೋನ್‌ನಲ್ಲಿ ಕೇಳಬಹುದು. ಕೊತೊ ಕೇಳುವಾಗ ಹಿಂದೂಸ್ತಾನಿ ಗೊತ್ತಿರುವವರಿಗೆ ಗುಣಕ್ರಿ ರಾಗದ ಸ್ವರಗಳು ಥಟ್ಟನೆ ಸಿಗುತ್ತವೆ. ಅಲ್ಲಿ ಅರ್ಧ ದಿನ ಇಟ್ಟುಕೊಳ್ಳಿ, ಅವಸರ ಬೇಡ.

ಟೋಕಿಯೋದ ರಾಷ್ಟ್ರೀಯ ರಂಗಮಂದಿರವನ್ನು ಹೊಸದಾಗಿ ಕಟ್ಟಲು 2023ರ ಅಕ್ಟೋಬರ್‌ನಲ್ಲಿ ಮುಚ್ಚಿದರು, ಹಳೆಯ ಗೈಡ್‌ಬುಕ್ ನಂಬಬೇಡಿ. ಗಿಂಜಾದಲ್ಲಿರುವ ಕಬುಕಿ ನಾಟಕದ ರಂಗಮಂದಿರ ಕಬುಕಿಜಾಗೆ ಹೋಗಿ. ಇಡೀ ಆಟಕ್ಕೆ ದುಡ್ಡು ಕೊಡಬೇಕಿಲ್ಲ, ನಾಲ್ಕನೇ ಮಹಡಿಯಲ್ಲಿ ಒಂದೇ ಅಂಕಕ್ಕೆ ಟಿಕೆಟ್ ಕೊಡುತ್ತಾರೆ. ಕುಣಿತ ಇರುವ ಅಂಕವನ್ನೇ ಆರಿಸಿ, ಆಗ ವಾದ್ಯದವರು ವೇದಿಕೆ ಮೇಲೆಯೇ ಸಾಲಾಗಿ ಕೂರುತ್ತಾರೆ. ಹೆಗಲ ಮೇಲಿಟ್ಟು ನುಡಿಸುವ ಚಿಕ್ಕ ಚರ್ಮವಾದ್ಯ ಕೊತ್ಸುಜುಮಿಗೆ ತೇವ ಬೇಕು, ನಡುನಡುವೆ ಚರ್ಮಕ್ಕೆ ಬಾಯಿಂದ ಹಬೆ ಊದುತ್ತಾರೆ. ಪಕ್ಕದಲ್ಲೇ ಇರುವ ಒತ್ಸುಜುಮಿಯ ಚರ್ಮವನ್ನೋ ಆಟಕ್ಕೆ ಮುಂಚೆ ಕೆಂಡದಲ್ಲಿ ಚೆನ್ನಾಗಿ ಕಾಯಿಸಿ ಒಣಗಿಸಿರಬೇಕು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ.

ಊಟದ ವಿಷಯ: ತರಕಾರಿ ಸೂಪು, ನೂಡಲ್ಸಿಗೂ ಸಾಮಾನ್ಯವಾಗಿ ಮೀನಿನ ಸಾರು ಹಾಕುತ್ತಾರೆ. ಸಸ್ಯಾಹಾರಿಗಳು ಚಟ್ನಿಪುಡಿ, ಅವಲಕ್ಕಿ ಒಯ್ದರೆ ಜಾಸ್ತಿ ಚಿಂತೆ ಇಲ್ಲ.

ವಾದ್ಯ ಕೊಳ್ಳುವ ಆಸೆ ಇರುವವರಿಗೆ ಒಂದು ಮಾತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಶಾಮಿಸೆನ್ ಅಗ್ಗಕ್ಕೆ ಸಿಗಬಹುದು. ಆದರೆ ಹಳೆಯ ಬಾಚಿ ಆನೆದಂತದ್ದಿರಬಹುದು, ಒಳ್ಳೆಯ ಶಾಮಿಸೆನ್ನಿನ ಕೋಲು ರಕ್ತಚಂದನದ್ದೇ ಇರಬಹುದು, ಅದೂ ನಮ್ಮ ಆಂಧ್ರದ ಕಾಡಿನದು. ಎರಡಕ್ಕೂ ಅಂತರರಾಷ್ಟ್ರೀಯ ನಿರ್ಬಂಧ ಇದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಕಲಿಯುವ ಮನಸ್ಸಿದ್ದರೆ ಪ್ಲಾಸ್ಟಿಕ್ ಶಕುಹಾಚಿ ತನ್ನಿ. ಬಿದಿರಿನದಕ್ಕೆ ಹೋಲಿಸಿದರೆ ಬೆಲೆ ತೀರಾ ಕಡಿಮೆ, ಬೆಂಗಳೂರಿನ ಒಣ ಹವೆಗೆ ಸೀಳುವುದೂ ಇಲ್ಲ.